ಕಂಬಕ್ಕೂ ಕಂಬಕ್ಕೂ ನಡುವೆ



ಕಳೆದ ತಿಂಗಳು ನಮ್ಮ ಅಳಿಯಂದಿರು ಸುರುಳಿ ಸುತ್ತಿದ ದೊಡ್ಡ ಕಾಗದವೊಂದನ್ನು ಕಂಕುಳಲ್ಲಿಟ್ಟುಕೊಂಡು ನಮ್ಮಲ್ಲಿಗೆ ದಯಮಾಡಿಸಿದರು. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನವನ್ನು ಕೊಂಡು ಎರಡು ವರ್ಷವಾಗಿದ್ದಿತು. ಈಗ ಬ್ಯಾಂಕಿನ ಸಾಲವೂ ಮಂಜೂರಾಗಿ, ಮನೆಯ ನಕಾಶೆ ಸಿದ್ಧವಾಗಿದ್ದಿತು. ಕಾಗದವನ್ನು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೂ ನಮ್ಮ ಪುಸ್ತಕಗಳನ್ನೇ ಭಾರವಿಟ್ಟು, ಒಂದು ಸಣ್ಣ ಕರಿಯ ಚೌಕದ ಮೇಲೆ ಬೆರಳಿಟ್ಟು ಹೇಳಿದರು: "ಮಾವನವರೇ, ಉಳಿದುದೆಲ್ಲ ಸರಿಯಾಗಿದೆ. ಹಜಾರದ ನಡುವೆ ನಿಂತಿರುವ ಈ ಕಂಬವೊಂದು ಕಣ್ಣಿಗೆ ಒತ್ತುತ್ತದೆ. ಇದನ್ನು ತೆಗೆಸಿಬಿಟ್ಟರೆ ಹೇಗೆ?"

ಕಾಫಿಯ ತಟ್ಟೆಯನ್ನು ಹಿಡಿದು ಬರುತ್ತಿದ್ದ ನಮ್ಮ ಮನೆಯವರು ಈ ಮಾತನ್ನು ಕೇಳಿ, ನಮ್ಮ ಮುಖವನ್ನೊಮ್ಮೆ ನೋಡಿದರು. ನಮ್ಮ ಹಜಾರದ ನಟ್ಟನಡುವೆ ನಿಂತಿರುವ ಕಂಬವನ್ನೊಮ್ಮೆ ನೋಡಿದರು. ತಟ್ಟೆಯನ್ನಿಟ್ಟು ಏನೂ ನುಡಿಯದೆ ಒಳಕ್ಕೆ ಹೋದರು. ಆ ಮೌನದ ಅರ್ಥ ನಮಗೆ ಆಯಿತು. ಅಳಿಯಂದಿರಿಗೆ ಆಗಲಿಲ್ಲ. ಅವರಿಗೆ ಅಂದು ವಿವರಿಸಿದುದನ್ನೇ ಈ ತಿಂಗಳು ನಮ್ಮ ವಾಚಕರ ಮುಂದಿಡುವೆವು. ಮನೆ ಕಟ್ಟಿಸುವ ಗೃಹಸ್ಥನು ಬಾಗಿಲಿನ ಮರ, ನೆಲದ ಕಲ್ಲು, ಗೋಡೆಯ ಬಣ್ಣ ಇವುಗಳ ವಿಷಯದಲ್ಲಿ ತಿಂಗಳುಗಟ್ಟಲೆ ವಿಚಾರಮಾಡುವನು. ಕಂಬಗಳು ಎಲ್ಲೆಲ್ಲಿ, ಎಷ್ಟೆಷ್ಟು ದೂರದಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಅರ್ಧ ಘಳಿಗೆಯಲ್ಲಿ ತೀರಿಸಿಬಿಡುವನು. ಬಣ್ಣವನ್ನು ಮರುವರ್ಷ ಬದಲಾಯಿಸಬಹುದು. ಕಂಬವನ್ನು ಬದಲಾಯಿಸುವುದು ಎಂತಹ ಕಷ್ಟವೆಂಬುದನ್ನು ನಾವು ಅನುಭವಿಸಿ ಬಲ್ಲೆವು.

ನಮ್ಮ ಹಿರಿಯರಿಗೆ ಈ ವಿಷಯದಲ್ಲಿ ಇದ್ದ ತಿಳಿವು ಅವರ ಮಾತಿನಲ್ಲಿಯೇ ಉಳಿದಿರುವುದು. ಹಿಂದೆ ಮನೆಯನ್ನು ಚದರಡಿಯಿಂದ ಅಳೆಯುತ್ತಿರಲಿಲ್ಲ. ಮೂರಂಕಣದ ಮನೆ, ಐದಂಕಣದ ಮನೆ ಎಂದು ಎಣಿಸುತ್ತಿದ್ದರು. ಉತ್ತರದ ಸೀಮೆಯಲ್ಲಿ ಇದನ್ನೇ ಖಣವೆಂದೂ ಹೇಳುವರು. ಅಂಕಣವೆಂದರೆ ಕಂಬಕ್ಕೂ ಕಂಬಕ್ಕೂ, ತೊಲೆಗೂ ತೊಲೆಗೂ ನಡುವಣ ಎಡೆ. ಮರದ ತೊಲೆ ಎಷ್ಟು ಉದ್ದ ಸಿಕ್ಕೀತು, ಎಷ್ಟು ಉದ್ದಕ್ಕೆ ಬಾಗದೆ ನಿಂತೀತು ಎಂಬುದರ ಮೇಲೆ ಅಂಕಣದ ಅಳತೆ ನಿರ್ಧಾರವಾಗುತ್ತಿದ್ದಿತು. ಅಡಿಗಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಹೀಗೆ ಭಾರವು ಒಂದರಿಂದ ಒಂದಕ್ಕೆ ಇಳಿದು ಭೂಮಿಯನ್ನು ಸೇರುತ್ತಿದ್ದಿತು. ಮೊದಲು ಅಂಕಣಗಳನ್ನು ಎಣಿಸಿ ಆಮೇಲೆ ಕೋಣೆಗಳನ್ನು ಹಂಚುವುದು ಅವರ ಕ್ರಮ. ನಾವಾದರೋ ಮೊದಲು ಕೋಣೆಗಳನ್ನು ಬರೆದು, ಆಮೇಲೆ ಕಂಬಗಳನ್ನು ಸಿಕ್ಕಿದ ಸಂದಿಗೆ ತುರುಕುವೆವು.

ಸಂಸ್ಕೃತದ ಶಿಲ್ಪಶಾಸ್ತ್ರಗ್ರಂಥಗಳಲ್ಲಿ, ಉದಾಹರಣೆಗೆ ಮಯಮತದಲ್ಲಿ, ಅಂಕಣಕ್ಕೆ 'ಭಕ್ತಿ' ಎಂಬ ಹೆಸರುಂಟು. ದೇವಪೂಜೆಯ ಭಕ್ತಿಯನ್ನು ಮಾತ್ರ ಬಲ್ಲ ನಮ್ಮ ವಿದ್ಯಾರ್ಥಿಗಳು ಇದನ್ನು ಕೇಳಿ ನಗುತ್ತಿದ್ದರು. ಆದರೆ 'ಭಜ್' ಎಂಬ ಧಾತುವಿಗೆ ಹಂಚುವುದು, ಪಾಲುಮಾಡುವುದು ಎಂಬ ಅರ್ಥವೂ ಇರುವುದರಿಂದ, ಮಂಟಪವನ್ನು ಕಂಬಗಳಿಂದ ಪಾಲುಮಾಡಿದ ಭಾಗವು ಭಕ್ತಿಯೆನಿಸಿತು. ಅದೇ ಗ್ರಂಥದಲ್ಲಿ ಕಂಬಕ್ಕೆ ಪಾದ, ಚರಣ, ಜಂಘೆ ಎಂಬ ಹೆಸರುಗಳಿವೆ. ಕಂಬವು ಮನೆಯ ಕಾಲು. ಕಾಲುಗಳನ್ನು ಎಲ್ಲಿ ಊರಬೇಕೆಂಬುದನ್ನು ನೋಟದ ಅಂದವೊಂದರಿಂದಲೇ ತೀರ್ಮಾನಿಸಲಾಗದು.

ದೇವಾಲಯಗಳನ್ನು ನೋಡಿರಿ. ಹೊಯ್ಸಳರ ಗುಡಿಗಳ ನವರಂಗದಲ್ಲಿ ನಡುವೆ ನಾಲ್ಕು ಕಂಬಗಳು ನಿಂತು ಚೌಕವನ್ನು ಒಂಬತ್ತು ಅಂಕಣಗಳಾಗಿ ವಿಂಗಡಿಸುವುವು. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಬಸದಿಯನ್ನು ಸಾವಿರ ಕಂಬದ ಬಸದಿಯೆಂದೇ ಜನರು ಕರೆಯುವರು. ಇಷ್ಟೊಂದು ಕಂಬಗಳು ಬರಿಯ ವೈಭವಕ್ಕಾಗಿ ಎಂದು ತಿಳಿಯಬಾರದು. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುವುದು, ಎಳೆತವನ್ನು ತಾಳದು. ತೊಲೆಯೊಂದು ಭಾರದಿಂದ ಬಾಗಿದಾಗ ಅದರ ಮೇಲ್ಮೈ ಅದುಮಲ್ಪಡುವುದು, ಕೆಳಮೈ ಹಿಗ್ಗಿ ಎಳೆಯಲ್ಪಡುವುದು. ಆದುದರಿಂದ ಉದ್ದವಾದ ಕಲ್ಲುತೊಲೆ ಕೆಳಗಡೆಯಿಂದ ಬಿರಿಯುವುದು. ಇದನ್ನು ಅರಿತ ಶಿಲ್ಪಿಗಳು ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿದರು. ಇಂದಿನ ಕಾಂಕ್ರೀಟಿನ ಗುಣವೂ ಕಲ್ಲಿನದೇ. ಅದರ ಎಳೆತದ ಬಲವು ಒತ್ತಡದ ಬಲದ ಸುಮಾರು ಹತ್ತರಲ್ಲೊಂದು ಪಾಲು. ಆ ಕೊರತೆಯನ್ನು ತುಂಬುವುದಕ್ಕಾಗಿಯೇ ತೊಲೆಯ ಕೆಳಭಾಗದಲ್ಲಿ ಕಬ್ಬಿಣದ ಸರಳುಗಳನ್ನು ಹುದುಗಿಸುವುದು. ಸರಳು ಬಂದುದರಿಂದ ಅಂಕಣವು ಹಿಗ್ಗಿತು. ಆದರೆ ಮಿತಿಯು ಮಾಯವಾಗಲಿಲ್ಲ.

ಈ ಮಿತಿಯನ್ನು ಅರಿಯುವುದಕ್ಕೆ ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಬಹುದು. ಮಕ್ಕಳನ್ನೂ ಕರೆದು ಕೂಡಿಸಿಕೊಳ್ಳಿರಿ. ಉದ್ದವಾದ ತೆಳು ಅಳತೆಪಟ್ಟಿಯೊಂದನ್ನು ಎರಡು ಪುಸ್ತಕದ ರಾಶಿಗಳ ಮೇಲೆ ಅಡ್ಡಲಾಗಿಟ್ಟು, ನಡುವೆ ಒಂದು ಸಣ್ಣ ಬಟ್ಟಲನ್ನಿಡಿರಿ. ಪಟ್ಟಿಯು ಸ್ವಲ್ಪ ಬಾಗುವುದು. ಈಗ ರಾಶಿಗಳನ್ನು ಇಮ್ಮಡಿ ದೂರಕ್ಕೆ ಸರಿಸಿ ಅದೇ ಬಟ್ಟಲನ್ನಿಡಿರಿ. ಬಾಗು ಇಮ್ಮಡಿಯಾಗುವುದೆಂದು ಮಕ್ಕಳು ಊಹಿಸುವರು. ಹಾಗಲ್ಲ, ಎಂಟು ಮಡಿಯಾಗುವುದು. ಇನ್ನು ಭಾರವು ನಡುವೆ ಮಾತ್ರವಲ್ಲದೆ, ಚಾವಣಿಯ ಭಾರದಂತೆ, ಪಟ್ಟಿಯ ಉದ್ದಕ್ಕೂ ಒಂದೇ ಸಮನಾಗಿ ಹರಡಿದ್ದರೆ, ಉದ್ದವು ಇಮ್ಮಡಿಯಾದಾಗ ಬಾಗು ಹದಿನಾರು ಮಡಿಯಾಗುವುದು. ತೊಲೆಯನ್ನು ಮುರಿಯಲೆಳಸುವ ಶಕ್ತಿಯು ನಾಲ್ಕು ಮಡಿಯಾಗುವುದು. ಕಡೆಯದಾಗಿ ಅದೇ ಪಟ್ಟಿಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಹಿಡಿದು ಅದುಮಿ ನೋಡಿರಿ, ಬಾಗುವುದೇ ಇಲ್ಲವೆನ್ನಬಹುದು. ತೊಲೆಗೆ ಬಿಗುವು ಬರುವುದು ಅದರ ಅಗಲದಿಂದಲ್ಲ, ಆಳದಿಂದ. ಅಂಕಣವನ್ನು ಹಿಗ್ಗಿಸಿದರೆ ತೊಲೆಯ ಆಳವನ್ನೂ ಹಿಗ್ಗಿಸಬೇಕು. ಆಳವು ಹೆಚ್ಚಿದಷ್ಟೂ ಅದು ಚಾವಣಿಯಿಂದ ಕೆಳಗೆ ಇಳಿಬಿದ್ದು ತಲೆಯ ಮೇಲೆ ತೂಗುವುದು. ಕಂಬವನ್ನು ಮರೆಮಾಡಲು ಹೋದವನು ತೊಲೆಯನ್ನು ನೋಡುತ್ತ ಕುಳಿತಿರಬೇಕಾಗುವುದು.

ಹಾಗಾದರೆ ಕಂಬಗಳನ್ನು ಐದಾರು ಅಡಿಗೊಂದರಂತೆ ನೆಟ್ಟುಬಿಡೋಣವೇ? ಅದೂ ಸಲ್ಲದು. ಅತಿಯಾದರೆ ಅಮೃತವೂ ವಿಷ. ಒಂದೊಂದು ಕಂಬಕ್ಕೂ ಒಂದೊಂದು ಗುಂಡಿ, ಒಂದೊಂದು ಪಾದ ಬೇಕು; ಅತಿ ಸಮೀಪವಾದರೆ ಭೂಮಿಯೊಳಗಣ ಪಾದಗಳು ಒಂದರ ಮೇಲೊಂದು ಬರುವುವು; ಖರ್ಚು ವೃಥಾ ಏರುವುದು. ಸಾಧಾರಣವಾದ ವಾಸದ ಮನೆಗೆ 10 ಅಡಿಯಿಂದ 15 ಅಡಿಯವರೆಗಿನ ಅಂಕಣವು ಹಿತವೂ ಮಿತವೂ ಆದುದೆಂದು ಅನುಭವಸ್ಥರು ಹೇಳುವರು. ನಮ್ಮ ಕೋಣೆಗಳ ಸಹಜವಾದ ಅಳತೆಯೂ ಅದೇ ಆಗಿರುವುದು.

ಈಗ ಅಳಿಯಂದಿರ ನಕಾಶೆಗೆ ಬರೋಣ. ಸುತ್ತಲೂ ಬಿಡತಕ್ಕ ತೆರಪನ್ನು ಬಿಟ್ಟು ಕಟ್ಟಡಕ್ಕೆ ಉಳಿದುದು 24 ಅಡಿ ಅಗಲ, 33 ಅಡಿ ಉದ್ದ. ಅಗಲದಲ್ಲಿ 12 ಅಡಿಯ ಎರಡು ಅಂಕಣ, ಉದ್ದದಲ್ಲಿ 11 ಅಡಿಯ ಮೂರು ಅಂಕಣ. ಅಂದರೆ ಮೂರು ಸಾಲು, ಸಾಲಿಗೆ ನಾಲ್ಕರಂತೆ ಹನ್ನೆರಡು ಕಂಬ. ಇವು ಹೊರುವ ಭಾರವನ್ನು ಹೇಗೆ ಪಾಲುಮಾಡುವುದು? ಪ್ರತಿಯೊಂದು ಕಂಬವೂ ತನ್ನ ಸುತ್ತಣ ಅಂಕಣಗಳಲ್ಲಿ ಅರ್ಧರ್ಧ ದೂರದವರೆಗಿನ ಚಾವಣಿಯನ್ನು ಹೊರುವುದೆಂದು ಭಾವಿಸಿರಿ. ಮೂಲೆಯ ಕಂಬದ ಪಾಲು 6 ಅಡಿಗೆ ಐದೂವರೆ ಅಡಿ, 33 ಚದರಡಿ. ಅಂಚಿನ ಕಂಬದ್ದು 66 ಚದರಡಿ. ಒಳಗಿನ ಕಂಬದ್ದು 132 ಚದರಡಿ. ಮೂಲೆಯವು ನಾಲ್ಕು, ಅಂಚಿನವು ಆರು, ಒಳಗಿನವು ಎರಡು. ಎಲ್ಲವನ್ನೂ ಕೂಡಿದರೆ 792 ಚದರಡಿ, ಅಂದರೆ 24ನ್ನು 33ರಿಂದ ಗುಣಿಸಿದ ಮೊತ್ತವೇ ಆಯಿತು. ಒಂದು, ಎರಡು, ನಾಲ್ಕು ಎಂಬ ಈ ಪ್ರಮಾಣವನ್ನು ಗೃಹಸ್ಥರು ನೆನಪಿಡತಕ್ಕದ್ದು. ಕಣ್ಣಿಗೆ ಒತ್ತುವ ನಡುವಿನ ಕಂಬವು ಮೂಲೆಯ ಕಂಬದ ನಾಲ್ಕರಷ್ಟನ್ನು ಹೊತ್ತು ನಿಂತಿರುವುದು!

ಆ ಭಾರವಾದರೂ ಎಷ್ಟು? 5 ಅಂಗುಲ ದಪ್ಪದ ಕಾಂಕ್ರೀಟು ಚಾವಣಿಯು ಚದರಡಿಗೆ ಸುಮಾರು 30 ಕಿಲೋಗ್ರಾಮು ತೂಗುವುದು. ಮೇಲಿನ ಗಾರೆ, ನೆಲಹಾಸು ಇತ್ಯಾದಿ 10. ಜನರು, ಮಂಚ, ಬೀರು ಇವುಗಳಿಗಾಗಿ ಲೆಕ್ಕದಲ್ಲಿ ಹಿಡಿಯುವುದು ಸುಮಾರು 19. ಒಟ್ಟು 59. ಇದನ್ನು 132ರಿಂದ ಗುಣಿಸಿದರೆ ಒಂದು ಅಂತಸ್ತಿಗೆ ಏಳೂಮುಕ್ಕಾಲು ಟನ್ನಾಯಿತು. ಇದರಲ್ಲಿ ತೊಲೆಗಳ ತೂಕವೂ ಗೋಡೆಗಳ ತೂಕವೂ ಸೇರಿಲ್ಲ. 9 ಅಂಗುಲದ ಇಟ್ಟಿಗೆಯ ಗೋಡೆ 10 ಅಡಿ ಎತ್ತರಕ್ಕೆದ್ದರೆ ಅಡಿಯುದ್ದಕ್ಕೆ ಸುಮಾರು 400 ಕಿಲೋಗ್ರಾಮು ತೂಗುವುದು. ಕಂಬವನ್ನು ತೆಗೆದರೆ ಈ ಭಾರವು ತೆಗೆದಂತಾಗಲಿಲ್ಲ. ಅದು ಬೇರೆ ಹೆಗಲನ್ನು ಹುಡುಕಿಕೊಂಡು ಹೋಗುವುದು.

ಇಷ್ಟು ಲೆಕ್ಕವನ್ನು ಅಳಿಯಂದಿರಿಗೆ ಹೇಳಿದ ಮೇಲೆ, ನಮ್ಮ ಮನೆಯ ಕಥೆಯನ್ನೂ ಹೇಳಬೇಕಾಯಿತು. ಹೇಳುವುದಕ್ಕೆ ಸಂಕೋಚವೇನೋ ಆಗುವುದು. ಆದರೆ ನಲವತ್ತು ಮಕ್ಕಳೆದುರಿಗೆ ಕರಿಹಲಗೆಯ ಮೇಲೆ ತಪ್ಪು ಬರೆದು ಒರಸಿಕೊಂಡ ಉಪಾಧ್ಯಾಯನಿಗೆ ಸಂಕೋಚವು ಹೆಚ್ಚು ಹೊತ್ತು ನಿಲ್ಲದು.

2008ರಲ್ಲಿ ನಾವು ಈ ಮನೆಯನ್ನು ಕಟ್ಟಿಸಿದೆವು. ನಕಾಶೆಯಲ್ಲಿ ಹಜಾರವು 11 ಅಡಿಯ ಎರಡು ಅಂಕಣ. ನಡುವೆ ಒಂದು ಕಂಬ. ಮಗಳ ಲಗ್ನವನ್ನು ಸ್ವಂತ ಮನೆಯಲ್ಲಿಯೇ ಮಾಡಬೇಕೆಂಬ ಆಸೆ ನಮ್ಮ ಮನೆಯವರಿಗಿದ್ದಿತು. "ನಡುವೆ ಕಂಬವಿದ್ದರೆ ಪಂಕ್ತಿ ಹಾಕುವುದೆಲ್ಲಿ?" ಎಂದು ಅವರು ಕೇಳಿದರು. ನಾವು ಮೇಸ್ತ್ರಿಯನ್ನು ಕೇಳಿದೆವು. ಆತನು ಅನುಭವಸ್ಥನೇ, ಆದರೆ ಯಜಮಾನನ ಮಾತಿಗೆ ಇಲ್ಲವೆನ್ನದ ಸ್ವಭಾವದವನು. "ಅದಕ್ಕೇನು ಸ್ವಾಮಿ, ಕಂಬ ಬಿಟ್ಟುಬಿಡೋಣ, ತೊಲೆಗೆ ಎರಡು ಕಂಬಿ ಹೆಚ್ಚಿಗೆ ಹಾಕಿದರಾಯಿತು" ಎಂದನು. ಎಂಜಿನಿಯರನ್ನು ಕೇಳಬೇಕೆಂದು ನಮಗೆ ತೋಚಲಿಲ್ಲವೆಂದರೆ ಸುಳ್ಳಾದೀತು. ತೋಚಿತು, ಕೇಳಿದರೆ ಬೇಡವೆಂದಾರೆಂಬ ಭಯದಿಂದ ಕೇಳಲಿಲ್ಲ. ತಪ್ಪು ನಮ್ಮದು. ಹೀಗೆ 22 ಅಡಿ ಉದ್ದದ ತೊಲೆಯು ಇತರ ತೊಲೆಗಳಂತೆಯೇ 15 ಅಂಗುಲ ಆಳದ್ದಾಗಿ ನಮ್ಮ ತಲೆಯ ಮೇಲೆ ಬಂದಿತು.

ನಾಲ್ಕು ವರ್ಷ ಏನೂ ಆಗಲಿಲ್ಲ. 2012ರಲ್ಲಿ ಬಾಡಿಗೆಯ ಆಸೆಯಿಂದ ಮಹಡಿಯ ಮೇಲೆ ಎರಡು ಕೋಣೆಗಳನ್ನು ಎಬ್ಬಿಸಿದೆವು. ಅವುಗಳ ನಡುವಣ 9 ಅಂಗುಲದ ಗೋಡೆಯು ಸರಿಯಾಗಿ ಆ ತೊಲೆಯ ಮೇಲೆಯೇ ಬಂದಿತು. ಎರಡು ವರ್ಷ ಕಳೆಯುವುದರೊಳಗೆ ಮಹಡಿಯ ಕೋಣೆಯ ಬಾಗಿಲು ಚೌಕಟ್ಟಿಗೆ ತಗಲಿ ಮುಚ್ಚದಾಯಿತು. ಮರವು ಮಳೆಗೆ ಹಿಗ್ಗಿತೆಂದು ಬಡಗಿಯನ್ನು ಕರೆಸಿ ಹೆರೆಸಿದೆವು. ಬೇಸಗೆಯಲ್ಲಿಯೂ ತಗಲಿತು; ಮತ್ತೆ ಹೆರೆಸಿದೆವು. ಆಮೇಲೆ ಗೋಡೆಯಲ್ಲಿ ಓರೆಯಾದ ಬಿರುಕೊಂದು ಕಾಣಿಸಿತು. ಅದಕ್ಕೆ ಸುಣ್ಣ ಮೆತ್ತಿಸಿದೆವು. ಕಡೆಗೆ ಒಂದು ದಿನ ಹಜಾರದಲ್ಲಿ ಮಲಗಿದ್ದ ನಮ್ಮ ಮಗಳು ಮೇಲೆ ನೋಡಿ, "ಅಪ್ಪಾ, ತೊಲೆಯ ಹೊಟ್ಟೆಯಲ್ಲಿ ಗೆರೆಗಳು ಬಿದ್ದಿವೆ" ಎಂದಳು. ಏಣಿ ಹಾಕಿ ನೋಡಿದೆವು. ನಡುಭಾಗದಲ್ಲಿ ಗೇಣಿಗೊಂದರಂತೆ ಕೂದಲೆಳೆಯ ಬಿರುಕುಗಳು ಸಾಲಾಗಿ ನಿಂತಿದ್ದುವು. ಅಂದು ರಾತ್ರಿ ಹಾಸಿಗೆಗಳನ್ನೆಲ್ಲ ಪಡಸಾಲೆಗೆ ಸಾಗಿಸಿದೆವು. ನಿದ್ರೆಯು ಪಡಸಾಲೆಗೂ ಬರಲಿಲ್ಲ.

ಮರುದಿನ ಕಟ್ಟಡಶಾಸ್ತ್ರವನ್ನು ಓದಿಕೊಂಡಿದ್ದ ನಮ್ಮ ಹಳೆಯ ಶಿಷ್ಯನೊಬ್ಬನನ್ನು ಬರಮಾಡಿಕೊಂಡೆವು. ಅವನು ನೋಡಿ, ಅಳೆದು, ಬಹಳ ಹೊತ್ತು ಸುಮ್ಮನಿದ್ದು ಹೇಳಿದನು: "ಮೇಷ್ಟ್ರೇ, ಈ ಉದ್ದಕ್ಕೆ, ಈ ಗೋಡೆಯ ಭಾರಕ್ಕೆ ತೊಲೆಯ ಆಳ ಎರಡಡಿಯ ಸಮೀಪಕ್ಕಿರಬೇಕಾಗಿತ್ತು. ಆಳ ಕೊಡದೆ ಕಂಬಿಯನ್ನು ಮಾತ್ರ ತುಂಬುತ್ತ ಹೋದರೆ ಇನ್ನೊಂದು ಅಪಾಯವುಂಟು. ಕಂಬಿ ಮಿತವಾಗಿದ್ದರೆ ತೊಲೆ ಬಾಗಿ, ಬಿರಿದು, ಮುನ್ಸೂಚನೆ ಕೊಡುತ್ತದೆ. ಅತಿಯಾಗಿದ್ದರೆ ಮೇಲಿನ ಕಾಂಕ್ರೀಟೇ ಮೊದಲು ಪುಡಿಯಾಗಿ ಸೂಚನೆಯಿಲ್ಲದೆ ಬೀಳುತ್ತದೆ. ನಿಮ್ಮ ಮೇಸ್ತ್ರಿ ಎರಡೇ ಕಂಬಿಗೆ ನಿಲ್ಲಿಸಿದ್ದು ಪುಣ್ಯ."

ಮುಂದಿನ ಎರಡು ತಿಂಗಳು ಹಜಾರದಲ್ಲಿ ಆಸರೆಯ ಕಂಬಗಳ ಕಾಡೇ ಎದ್ದಿತು. ನೆಲವನ್ನು ಅಗೆದು ಹೊಸ ಪಾದವನ್ನು ಹಾಕಿ, ಯಾವ ಕಂಬವನ್ನು ಬೇಡವೆಂದಿದ್ದೆವೋ ಅದೇ ಕಂಬವನ್ನು ಅದೇ ಸ್ಥಳದಲ್ಲಿ ಎಬ್ಬಿಸಿದುದಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ನಡುವೆ ಆಸರೆ ಬಂದೊಡನೆ ತೊಲೆಯ ಬಾಗುವ ಬಗೆಯೇ ಬದಲಾಗಿ, ಕಂಬದ ತಲೆಯ ಮೇಲೆ ಎಳೆತವು ತೊಲೆಯ ಬೆನ್ನಿಗೆ ಬರುವುದಂತೆ; ಅಲ್ಲಿ ಸಾಕಷ್ಟು ಸರಳುಗಳಿರಲಿಲ್ಲ. ಮಹಡಿಯ ನೆಲವನ್ನು ಒಡೆದು ಹೊಸ ಸರಳುಗಳನ್ನು ಕೂಡಿಸಿ, ಮೇಲಿನ ಇಟ್ಟಿಗೆಯ ಗೋಡೆಯನ್ನು ಕೆಡವಿ ಹಗುರವಾದ ಹಲಗೆಯ ಮರೆಯನ್ನು ನಿಲ್ಲಿಸಬೇಕಾಯಿತು. ಮೊದಲೇ ಹಾಕಿದ್ದರೆ ಆಗುತ್ತಿದ್ದ ಖರ್ಚಿನ ಹತ್ತು ಪಾಲಿಗೆ ಕಡಿಮೆಯಾಗಲಿಲ್ಲ. ಮಗಳ ಲಗ್ನವಾದರೋ ಕಡೆಗೆ ನಡೆದುದು ಕಲ್ಯಾಣಮಂಟಪದಲ್ಲಿ. ಹಜಾರದಲ್ಲಿ ಒಂದು ಪಂಕ್ತಿಯೂ ಕೂಡಲಿಲ್ಲ.

ನಮ್ಮ ವಾಚಕರಿಗೆ ಇಂತಹ ದಿನ ಬರಬಾರದೆಂಬ ಉದ್ದೇಶದಿಂದ, ಎಂಜಿನಿಯರ ಮುಂದೆ ಕುಳಿತಾಗ ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ಇಲ್ಲಿ ಕೊಡುವೆವು. ಲೆಕ್ಕವನ್ನು ಅವರೇ ಮಾಡಲಿ. ಪ್ರಶ್ನೆಯನ್ನು ಕೇಳುವುದು ಗೃಹಸ್ಥನ ಧರ್ಮ.

ಮೊದಲನೆಯದು: ಕಂಬದ ಮೇಲೆ ಕಂಬ ನಿಂತಿರುವುದೋ? ಕೆಳಗಿನ ಅಂತಸ್ತಿನ ನಕಾಶೆಯ ಮೇಲೆ ಮೇಲಿನ ಅಂತಸ್ತಿನ ನಕಾಶೆಯನ್ನು ಇಟ್ಟು ಬೆಳಕಿಗೆ ಹಿಡಿದು ನೋಡಿರಿ. ಕರಿಯ ಚೌಕಗಳು ಒಂದರ ಮೇಲೊಂದು ಕೂಡಬೇಕು. ಕೆಳಗೆ ಕಾರು ತಿರುಗಲಿಕ್ಕೆಂದು ಕಂಬವನ್ನು ತೆಗೆದು, ಮೇಲಣ ಕಂಬವನ್ನು ತೊಲೆಯ ನಡುವೆ ನಿಲ್ಲಿಸುವ ಪದ್ಧತಿಯೊಂದು ಹೆಚ್ಚಿರುವುದು. ಇದಕ್ಕೆ ತೇಲುಕಂಬವೆನ್ನಬಹುದು. ನೀರಿನಲ್ಲಿ ತೇಲುವುದು ಬದುಕು. ನೆಲವಿಲ್ಲದೆ ಕಂಬ ತೇಲುವುದು ಮೃತ್ಯುವಿಗೆ ಆಹ್ವಾನ.

ಎರಡನೆಯದು: ಕಂಬಗಳು ಸಾಲಿನಲ್ಲಿರುವುವೋ? ಒಂದು ಕಂಬ ಸಾಲಿನಿಂದ ಒಂದಡಿ ಆಚೆ ಸರಿದರೂ ತೊಲೆಗಳು ನೇರವಾಗಿ ಕೂಡವು. ಒಂದು ತೊಲೆ ಇನ್ನೊಂದರ ನಡುಬೆನ್ನಿಗೆ ಭಾರ ಹಾಕುವುದು. ದೇವರ ಕೋಣೆಗಾಗಿಯೋ ವಾಸ್ತುವಿನ ಮರ್ಮಸ್ಥಾನವನ್ನು ತಪ್ಪಿಸುವುದಕ್ಕಾಗಿಯೋ ಕಂಬವನ್ನು ಸರಿಸಬೇಕೆಂದು ಕೆಲವರು ಆಗ್ರಹಪಡುವರು. ಅವರ ನಂಬಿಕೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸರಿಸುವುದಾದರೆ ಸಾಲನ್ನೇ ಸರಿಸಿರಿ, ಎಲ್ಲ ಅಂತಸ್ತುಗಳಲ್ಲಿಯೂ ಸರಿಸಿರಿ, ಕಾಗದದ ಮೇಲಿರುವಾಗಲೇ ಸರಿಸಿರಿ.

ಮೂರನೆಯದು: ಕಂಬಗಳ ಉದ್ದಮುಖ ಯಾವ ಕಡೆಗೆ? ಗೋಡೆಯೊಳಗೆ ಅಡಗಿಸುವ ಹಂಬಲದಿಂದ ಕಂಬಗಳನ್ನು 9 ಅಂಗುಲ ಅಗಲ, 15 ಅಥವಾ 18 ಅಂಗುಲ ಉದ್ದವಾಗಿ ಮಾಡುವರು. ಎಲ್ಲವನ್ನೂ ಒಂದೇ ದಿಕ್ಕಿಗೆ ನಿಲ್ಲಿಸಿದರೆ ಆ ದಿಕ್ಕಿಗೆ ಮನೆ ಗಟ್ಟಿ, ಅಡ್ಡ ದಿಕ್ಕಿಗೆ ಸಡಿಲ. ನಮ್ಮ ಅಳತೆಪಟ್ಟಿಯ ಪಾಠವೇ ಇದು. ಕೆಲವನ್ನು ಉದ್ದಕ್ಕೂ ಕೆಲವನ್ನು ಅಡ್ಡಕ್ಕೂ ನಿಲ್ಲಿಸತಕ್ಕದ್ದು. ಭೂಕಂಪದ ಭಯ ಹೆಚ್ಚಾಗಿರುವ ವಲಯಗಳಿಗಾಗಿ ರಚಿತವಾದ ಭಾರತೀಯ ಮಾನಕ 13920ರ 2016ರ ಆವೃತ್ತಿಯು ಕಂಬದ ಯಾವ ಮುಖವೂ 300 ಮಿಲಿಮೀಟರಿಗೆ, ಅಂದರೆ ಸುಮಾರು 12 ಅಂಗುಲಕ್ಕೆ, ಕಡಿಮೆಯಾಗಬಾರದೆಂದು ವಿಧಿಸಿತು. ಗೋಡೆಯಿಂದ 3 ಅಂಗುಲ ಹೊರಚಾಚಿದ ಕಂಬವನ್ನು ನೋಡಿ ಮುಖ ಸಿಂಡರಿಸಬೇಡಿರಿ.

ನಾಲ್ಕನೆಯದು: ಗಡಿಯಂಚಿನ ಕಂಬದ ಪಾದವು ಎಲ್ಲಿ ಕೂಡುವುದು? ಕಂಬವು ಪಾದದ ನಡುವೆ ನಿಂತರೆ ಮಣ್ಣಿನ ಮೇಲೆ ಭಾರವು ಸಮನಾಗಿ ಹರಡುವುದು. ನೆರೆಯವರ ಗಡಿಗೆ ಒತ್ತಿ ಕಟ್ಟುವಾಗ ಪಾದವು ಆಚೆಗೆ ಚಾಚಲಾರದು. ಕಂಬವು ಪಾದದ ಒಂದು ಅಂಚಿನಲ್ಲಿ, ಒಂಟಿಕಾಲಿನವನಂತೆ, ನಿಲ್ಲುವುದು. ಆಗ ಆ ಪಾದವನ್ನು ಒಳಗಿನ ಕಂಬದ ಪಾದದೊಡನೆ ನೆಲದೊಳಗಣ ತೊಲೆಯಿಂದ ಬಿಗಿಯಬೇಕು, ಇಲ್ಲವೆ ಎರಡಕ್ಕೂ ಸೇರಿ ಒಂದೇ ಪಾದವನ್ನು ಹಾಕಬೇಕು.

ಐದನೆಯದು: ಕೆಳ ಅಂತಸ್ತನ್ನು ಬಯಲಾಗಿ ಬಿಟ್ಟಿರುವುದೋ? ಕೆಳಗೆ ವಾಹನಗಳಿಗಾಗಿ ಕಂಬಗಳು ಮಾತ್ರ, ಮೇಲೆ ಅಂತಸ್ತಂತಸ್ತಾಗಿ ಗೋಡೆ ತುಂಬಿದ ಮನೆಗಳು. ಇಂತಹ ಕಟ್ಟಡವು ತೆಳುಗಾಲಿನ ಮೇಲೆ ಪೆಟ್ಟಿಗೆಯನ್ನು ಹೊತ್ತಂತೆ. ನೆಲವು ಅಲುಗಿದಾಗ ಮೇಲಿನ ಪೆಟ್ಟಿಗೆಯು ಇಡಿಯಾಗಿ ಓಲಾಡಿ, ಬಳುಕುವ ಕೆಲಸವೆಲ್ಲ ಕೆಳಗಿನ ಕಂಬಗಳ ಪಾಲಿಗೆ ಬರುವುದು. 2001ರ ಜನವರಿ 26ರಂದು ಭುಜದ ಭೂಕಂಪವಾದಾಗ, ಕೇಂದ್ರದಿಂದ ಸುಮಾರು 225 ಕಿಲೋಮೀಟರು ದೂರದ ಅಹಮದಾಬಾದಿನಲ್ಲಿ ಇಂತಹ ನೂರಕ್ಕೂ ಮಿಕ್ಕಿದ ಕಟ್ಟಡಗಳು ಕುಸಿದುವು. ಕೆಳಗೆ ಬಯಲು ಬೇಕೇಬೇಕೆಂದರೆ ಆ ಅಂತಸ್ತಿನ ಕಂಬಗಳನ್ನು ವಿಶೇಷವಾಗಿ ಬಲಪಡಿಸುವ, ಕೆಲವೆಡೆ ಕಾಂಕ್ರೀಟಿನ ಗೋಡೆಗಳನ್ನು ಎಬ್ಬಿಸುವ ಉಪಾಯಗಳುಂಟು; ಅವುಗಳನ್ನು ಎಂಜಿನಿಯರರಲ್ಲಿ ಕೇಳಿರಿ.

ಆರನೆಯದು: ಮುಂದೆ ಎಷ್ಟು ಅಂತಸ್ತು ಕಟ್ಟುವಿರಿ? ಇದನ್ನು ಇಂದೇ ಹೇಳಬೇಕು. ಒಂದು ಅಂತಸ್ತಿಗೆಂದು ಹಾಕಿದ ಪಾದದ ಮೇಲೆ ಮೂರನ್ನು ಎಬ್ಬಿಸುವುದು, ಕರುವಿನ ಹೆಗಲಿಗೆ ನೊಗ ಹೇರಿದಂತೆ.

ಇನ್ನು ಕೆಲಸ ನಡೆಯುವಾಗ ಗೃಹಸ್ಥನ ಕಣ್ಣಿಗೆ ಬೀಳತಕ್ಕ ವಿಷಯ ಎರಡುಂಟು. ಗೋಡೆಯಿಂದ ಹೊರಚಾಚಿದ ಮೊಗಸಾಲೆಯ ಚಪ್ಪಡಿಗೆ ಮುಖ್ಯವಾದ ಸರಳುಗಳು ಮೇಲ್ಭಾಗದಲ್ಲಿರಬೇಕು, ಏಕೆಂದರೆ ಅಲ್ಲಿ ಎಳೆತ ಬರುವುದು ಬೆನ್ನಿಗೆ. ಕೆಲಸಗಾರರು ತುಳಿದು ಅವನ್ನು ಕೆಳಕ್ಕೆ ಕೂರಿಸಿಬಿಟ್ಟರೆ ಇದ್ದೂ ಇಲ್ಲದಂತೆ. ಎರಡನೆಯದಾಗಿ, ತೊಲೆಯ ಅಡಿಯ ಆಸರೆಗಳನ್ನು ತೆಗೆಯುವ ಆತುರ. ಭಾರತೀಯ ಮಾನಕ 456ರ 2000ದ ಆವೃತ್ತಿಯು ಸಾಧಾರಣ ಸಿಮೆಂಟಿನ ಕೆಲಸದಲ್ಲಿ 6 ಮೀಟರಿನವರೆಗಿನ ತೊಲೆಗೆ 14 ದಿನ, ಅದಕ್ಕೆ ಮೀರಿದ್ದಕ್ಕೆ 21 ದಿನ ಆಸರೆಯಿರಬೇಕೆಂದು ಹೇಳುವುದು. ಬಾಡಿಗೆಗೆ ತಂದ ಆಸರೆಯನ್ನು ಬೇಗ ಹಿಂದಿರುಗಿಸಿ ಉಳಿಸಿದ ಹಣವು ಉಳಿತಾಯವಲ್ಲ.

ಕಟ್ಟಿದ ಮನೆಯಲ್ಲಿ ವಾಸಿಸುವವರಿಗೂ ಒಂದು ಮಾತು. ಗಾರೆಯ ಮೇಲೆ ಜೇಡರ ಬಲೆಯಂತೆ ಹರಡಿದ ಸಣ್ಣ ಬಿರುಕುಗಳಿಗೆ ಅಂಜಬೇಕಾದುದಿಲ್ಲ. ತೊಲೆಯ ನಡುವೆ ಕೆಳಗಿನಿಂದ ಮೇಲಕ್ಕೇರುವ ಬಿರುಕು, ಅದಕ್ಕಿಂತಲೂ ಮುಖ್ಯವಾಗಿ ಕಂಬದ ಬಳಿ ತೊಲೆಯಲ್ಲಿ ಓರೆಯಾಗಿ ಏಳುವ ಬಿರುಕು, ಕಂಬದ ಮೈಯಲ್ಲಿ ಸರಳಿನ ಗುಂಟ ಉದ್ದಕ್ಕೆ ಬಿರಿದು ತುಕ್ಕಿನ ಕಲೆ ತೋರುವುದು, ಹೆರೆಸಿದರೂ ಮತ್ತೆ ಮತ್ತೆ ತಗಲುವ ಬಾಗಿಲು. ಇವು ಮನೆಯು ಆಡುವ ಮಾತುಗಳು. ಬಿರುಕಿನ ಮೇಲೆ ಗಾಜಿನ ಸಣ್ಣ ಪಟ್ಟಿಯೊಂದನ್ನು ಎರಡು ಕಡೆಗೂ ಅಂಟಿಸಿ ತಾರೀಖು ಬರೆದಿಡಿರಿ. ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆಯೆಂದು ತಿಳಿದು, ಬಲ್ಲವರನ್ನು ಕರೆಯಿರಿ. ಬಡಗಿಯನ್ನೂ ಸುಣ್ಣದವನನ್ನೂ ಕರೆದು ಎರಡು ವರ್ಷ ಕಳೆದ ನಮ್ಮ ದಾರಿಯನ್ನು ಹಿಡಿಯಬೇಡಿರಿ.

ಸಂಸ್ಕೃತದಲ್ಲಿ ಸ್ಥೂಣಾನಿಖನನ ನ್ಯಾಯವೆಂಬುದೊಂದಿದೆ. ಸ್ಥೂಣವೆಂದರೆ ಕಂಬ. ಕಂಬವನ್ನು ನೆಡುವವನು ಅದನ್ನು ಅಲುಗಿಸಿ ನೋಡುವನು, ಸಡಿಲವಾಗಿದ್ದರೆ ಮತ್ತೆ ಗುದ್ದುವನು, ಮತ್ತೆ ಅಲುಗಿಸುವನು. ಹಾಗೆಯೇ ಸಿದ್ಧಾಂತವನ್ನು ಆಕ್ಷೇಪಗಳಿಂದ ಅಲುಗಿಸಿ ಅಲುಗಿಸಿ ದೃಢಪಡಿಸಬೇಕೆಂದು ಶಾಸ್ತ್ರಕಾರರು ಇದನ್ನು ಬಳಸುವರು. ಮೂವತ್ತು ವರ್ಷ ಈ ನ್ಯಾಯವನ್ನು ಮಕ್ಕಳಿಗೆ ಪಾಠ ಹೇಳಿದ ನಾವು, ನಿಜವಾದ ಕಂಬದ ವಿಷಯದಲ್ಲಿ ಅದನ್ನು ಮರೆತೆವು! ಕಾಗದದ ಮೇಲಿರುವಾಗಲೇ ಕಂಬವನ್ನು ಪ್ರಶ್ನೆಗಳಿಂದ ಅಲುಗಿಸಿ ನೋಡಿರಿ. ಕಾಗದದಲ್ಲಿ ಅಲುಗಿದ ಕಂಬಕ್ಕೆ ರಬ್ಬರು ಸಾಕು.

ಅಳಿಯಂದಿರು ನಕಾಶೆಯನ್ನು ಸುತ್ತಿಕೊಂಡು ತಮ್ಮ ಎಂಜಿನಿಯರರಲ್ಲಿಗೆ ಹೋದರು. ಎಂಟು ದಿನದ ಮೇಲೆ ಮತ್ತೆ ಬಂದರು. ಕಂಬವನ್ನು ತೆಗೆದಿರಲಿಲ್ಲ, 11, 11, 11 ಎಂದಿದ್ದ ಅಂಕಣಗಳನ್ನು 13, 9, 11 ಎಂದು ಮಾಡಿ ಸಾಲನ್ನೇ ಎರಡಡಿ ಹಿಂದಕ್ಕೆ ಸರಿಸಿದ್ದರು. ಕಂಬವು ಅಡಿಗೆಮನೆಯ ಗೋಡೆಯ ತುದಿಗೆ ಬಂದಿದ್ದಿತು. ಹಜಾರವು ತೆರವಾಯಿತು, 13 ಅಡಿಗೆ ತಕ್ಕಂತೆ ತೊಲೆಯ ಆಳವೂ ಹೆಚ್ಚಿತು, ಹನ್ನೆರಡು ಕಂಬಗಳೂ ಉಳಿದುವು.

ಅಂದು ನಮ್ಮ ಮನೆಯವರು ನಮ್ಮ ಹಜಾರದ ಕಂಬದ ಬುಡದಲ್ಲಿ ಚಾಪೆ ಹಾಸಿ ಮೊಮ್ಮಗನನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದರು. ಬೆನ್ನನ್ನು ಕಂಬಕ್ಕೆ ಆನಿಸಿದ್ದರು. ನಕಾಶೆಯತ್ತ ಒಮ್ಮೆ ಕಣ್ಣು ಹಾಯಿಸಿ, "ಒಳ್ಳೆಯದಾಯಿತು. ಒರಗುವುದಕ್ಕೊಂದು ಕಂಬವಿರಬೇಕು" ಎಂದರು.

ಇತಿ ಶಮ್.